ಅಳಿಯ ಕಳಿಸಿದ ಫೋನು, ಕಂಪನಿ ಹಾಕಿದ ಬೀಗ

ಮುಂಡರಗಿಯ ನಿವೃತ್ತ ಮಾಸ್ತರೊಬ್ಬರ ಪತ್ರ: "ಅಮೆರಿಕದಲ್ಲಿರುವ ಅಳಿಯಂದಿರು ತಮ್ಮ ಹಳೇ ಐಫೋನ್ ಕಳಿಸಿದ್ದಾರೆ. ನಮ್ಮ ಸಿಮ್ ಹಾಕಿದರೆ ತಗೊಳ್ಳುತ್ತಿಲ್ಲ. ಹುಬ್ಬಳ್ಳಿಯ ಅಂಗಡಿಯವ ಲಾಕ್ ತೆಗೆಯಲು ನಾಲ್ಕು ಸಾವಿರ ಕೇಳಿದ. ನಮ್ಮ ಫೋನಿಗೆ ಯಾವ ಸಿಮ್ ಹಾಕಬೇಕು ಅಂತ ಹೇಳಲು ಇವರ್‍ಯಾರು?"

ಮಾಸ್ತರ್ರೇ, ಮೊದಲು ಆ ನಾಲ್ಕು ಸಾವಿರ ಕಿಸೆಯಲ್ಲೇ ಇರಲಿ.

ಫೋನ್ ಕೆಟ್ಟಿಲ್ಲ. ಅಮೆರಿಕದಲ್ಲಿ ಜಾಸ್ತಿ ಜನ ಫೋನ್ ತಗೊಳ್ಳೋದು ಸಿಮ್ ಕಂಪನಿಯಿಂದಲೇ, ಅದೂ ಕಂತಿನ ಮೇಲೆ. ಕಂತು ತೀರುವ ಮೊದಲೇ ಗಿರಾಕಿ ಬೇರೆ ಕಂಪನಿಗೆ ಹಾರಬಾರದಲ್ವಾ, ಅದಕ್ಕೇ ತಮ್ಮ ಸಿಮ್ ಮಾತ್ರ ನಡೆಯೋ ಹಾಗೆ ಈ ಬೀಗ. ಐಫೋನಿನಲ್ಲಿ ಅದನ್ನು ತೆಗೆಯೋದು ಆ ಕಂಪನಿಯ ಕೈಲಿ ಮಾತ್ರ ಇದೆ. ಅಂಗಡಿಯವರು ಹೆಚ್ಚಾಗಿ ಸಿಮ್ಮಿನ ಅಡಿಗೆ ಇಡುವ ಹಾಳೆಯಷ್ಟು ತೆಳ್ಳನೆಯ ಚಿಪ್ ಕೊಡುತ್ತಾರೆ. ಇವತ್ತು ನಡೆಯುತ್ತದೆ, ಮುಂದಿನ ಅಪ್‌ಡೇಟ್ ಬಂದಾಗ ಕೈ ಕೊಡಬಹುದು, ಆಗ ಮತ್ತೆ ಹುಬ್ಬಳ್ಳಿ ಬಸ್ ಹತ್ತಬೇಕು.

ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋಗಿ ಕೆಳಗೆ 'ಕ್ಯಾರಿಯರ್ ಲಾಕ್' ನೋಡಿ. ಬೀಗ ಇಲ್ಲದಿದ್ದರೆ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತಿರುತ್ತದೆ. ಅದೇ ಪುಟದಲ್ಲಿ ಐಎಂಇಐ ಅನ್ನೋ 15 ಅಂಕಿಯ, ಫೋನಿನ ಗುರುತಿನ ನಂಬರೂ ಇದೆ, ಅದನ್ನು ಅಳಿಯಂದಿರಿಗೆ ವಾಟ್ಸಾಪ್ ಮಾಡಿ. ಕಂತು ತೀರಿದ್ದರೆ ಅವರು ಕಂಪನಿಗೆ ಕೇಳಿದರಾಯಿತು, ಸಾಮಾನ್ಯವಾಗಿ ಪುಕ್ಕಟೆ ತೆಗೆದುಕೊಡುತ್ತಾರೆ. ಕಂತು ಬಾಕಿ ಇದೆಯಾ ಅಂತ ಅಳಿಯಂದಿರನ್ನು ಹೇಗೆ ಕೇಳೋದು ಅನ್ನೋದು ನಿಮ್ಮ ಮನೆ ವಿಷಯ, ನಾನು ಬಾಯಿ ಹಾಕೋದಿಲ್ಲ! ಒಂದು ಮಾತು, ಫೋನ್ ಹಳೇದಾಗಿದ್ದೇ ಪುಣ್ಯ. ಐಫೋನ್ 14ರಿಂದ ಈಚೆಗೆ ಅಮೆರಿಕದವಕ್ಕೆ ಸಿಮ್ ಹಾಕುವ ಕಿಂಡಿಯೇ ಇಲ್ಲ, ಫೋನಿನೊಳಗೇ ಕೂತಿರೋ ಇ-ಸಿಮ್ಮೇ ಗತಿ.

ಇನ್ನು ಇವರ್‍ಯಾರು ಅನ್ನೋ ಪ್ರಶ್ನೆ. ಕೆನಡಾ 2017ರಲ್ಲಿ, ಬ್ರಿಟನ್ 2021ರಲ್ಲಿ ಇದನ್ನೇ ಕೇಳಿ, ಬೀಗ ಹಾಕಿದ ಫೋನ್ ಮಾರೋದನ್ನೇ ನಿಲ್ಲಿಸಿದವು. ನಮ್ಮಲ್ಲೂ ಇದು ಹೊಸದಲ್ಲ. 2017ರಲ್ಲಿ 1500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್ ಜಿಯೋ ಸಿಮ್ಮಿಗಷ್ಟೇ ಒಗ್ಗುತ್ತಿತ್ತು. ಅದಕ್ಕೂ ಮೊದಲು ನನ್ನ ಹತ್ತಿರ ಸಿಡಿಎಂಎ ಅನ್ನೋ ಹಳೇ ತಂತ್ರಜ್ಞಾನದ ಒಂದು ಫೋನಿತ್ತು. ಅದಕ್ಕೆ ಸಿಮ್ಮೇ ಇರಲಿಲ್ಲ, ನಂಬರು ಫೋನಿನೊಳಗೇ ಕೂತಿತ್ತು. ಕಂಪನಿ ಬಿಟ್ಟ ದಿನ ಫೋನೂ ಹೋಯಿತು, ಮಗಳು ಅದರಲ್ಲಿ ವರ್ಷಗಟ್ಟಲೆ ಸುಮ್ನೆ 'ಹಲೋ ಅಜ್ಜಾ' ಆಡಿದಳು.

ಸಾಲ ಇರೋವರೆಗೆ ಬೀಗ ಇರಲಿ, ನನ್ನ ತಕರಾರಿಲ್ಲ. ಸಾಲ ತೀರಿದ ಮೇಲೂ ನಾವೇ ಹೋಗಿ ಕೇಳಬೇಕು ಅನ್ನೋದು ಮಾತ್ರ ನನಗೂ ಸರಿ ಕಾಣೋದಿಲ್ಲ. ಬೀಗ ತೆಗೆದರು ಅಂತ ಅಳಿಯಂದಿರು ತಿಳಿಸಿದ ಮೇಲೆ ಫೋನನ್ನು ವೈಫೈಗೆ ಹಚ್ಚಿ, ನಿಮ್ಮ ಸಿಮ್ ಹಾಕಿ ನೋಡಿ. ಆಗಲೂ ತಗೊಳ್ಳದಿದ್ದರೆ ಮತ್ತೆ ಬರೆಯಿರಿ.

— ಸಂ.