ಕಟ್ ಮಾಡಬೇಡಿ, ಕಾಪಿ ಮಾಡಿ

128 ಜಿಬಿ ಫೋನು ತುಂಬಿದೆ, ಗೂಗಲ್‌ನ 15 ಜಿಬಿಯೂ ಮುಗಿದಿದೆ, ಮಗಳು ಹುಟ್ಟಿದಾಗಿನಿಂದ ತೆಗೆದ 22 ಸಾವಿರ ಫೋಟೋ ಒಳಗಿವೆ, ಬೇಕಾದ್ದು ಹೋಗದ ಹಾಗೆ ಜಾಗ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಇವತ್ತೇ ಅಳಿಸೋಕೆ ಕೂರಬೇಡಿ. ಮೊದಲು ಎಲ್ಲದಕ್ಕೂ ಇನ್ನೊಂದು ಪ್ರತಿ ಆಗಲಿ, ಅಳಿಸೋದು ಆಮೇಲೆ.

ಇದು ನಾನು ಕಳೆದುಕೊಂಡು ಕಲಿತ ಪಾಠ. ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಒಂದು ಭಾನುವಾರ ಫೋನನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಎರಡು ವರ್ಷದ ಫೋಟೋ ಅಷ್ಟನ್ನೂ ಕಟ್ ಮಾಡಿ ಪೇಸ್ಟ್ ಒತ್ತಿದೆ, ಕಾಪಿ ಮಾಡೋದು ಅಳಿಸೋದು ಎರಡೂ ಒಂದೇ ಸಲಕ್ಕೆ ಮುಗಿಯುತ್ತಲ್ಲ ಅಂತ. ಕಾಫಿಗೆ ಎದ್ದಾಗ ಕಾಲಿಗೆ ಕೇಬಲ್ ಸಿಕ್ಕಿ ಕಿತ್ತುಬಂತು. ನೋಡಿದರೆ 38 ಫೈಲ್‌ಗಳಿಗೆ ಹೆಸರು ಮಾತ್ರ ಇದೆ, ಗಾತ್ರ 0 ಕೆಬಿ. ಫೋನಲ್ಲೂ ಇಲ್ಲ. ಅಪ್ಪ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾ ಪಕ್ಕದವರನ್ನು ತಮಾಷೆಗೆ ಬೈಯುವ ವಿಡಿಯೋ ಒಂದಿತ್ತು, ಅದೂ ಅದರಲ್ಲೇ ಹೋಯಿತು. ತಪ್ಪು ಪೂರ್ತಿ ನನ್ನದೇ.

ಹಾಗಾಗಿ ಕಾಪಿ ಮಾತ್ರ ಮಾಡಿ. ಅದೂ ಒಂದೇ ಸಲ 22 ಸಾವಿರ ಬೇಡ, ಸಾವಿರ ಎರಡು ಸಾವಿರದ ಕಂತು ಸಾಕು, ಯಾಕಂದ್ರೆ ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಕಾಪಿ ಆದ ಮೇಲೆ ಎರಡೂ ಕಡೆ ಫೈಲ್‌ಗಳ ಸಂಖ್ಯೆ, ಒಟ್ಟು ಗಾತ್ರ ಹೊಂದುತ್ತಾ ನೋಡಿ. ಗಾತ್ರದ ಲೆಕ್ಕದಲ್ಲಿ ಜೋಡಿಸಿದರೆ 0 ಕೆಬಿ ಇರುವವು ಒಂದೇ ಕಡೆ ಬಂದು ನಿಲ್ಲುತ್ತವೆ. ದೊಡ್ಡ ವಿಡಿಯೋ ಒಂದೆರಡು ತೆರೆದು ನಡುಮಧ್ಯದಿಂದ ಓಡಿಸಿ ನೋಡಿ. ಶುರುವಿನಲ್ಲಿ ಚೆನ್ನಾಗೇ ಓಡಿ ಮಧ್ಯದಲ್ಲಿ ನಿಲ್ಲುವ ಫೈಲೂ ಇರುತ್ತೆ.

ಇನ್ನೊಂದು ಪ್ರತಿ ಬೇರೆ ಜಾಗದಲ್ಲಿರಲಿ. ನನ್ನದು ಒಂದು ಹಾರ್ಡ್‌ಡಿಸ್ಕ್ ಮನೆಯಲ್ಲಿ, ಇನ್ನೊಂದು ಶಿವಮೊಗ್ಗದಲ್ಲಿ ತಂಗಿ ಮನೆಯಲ್ಲಿ. ಪೆನ್‌ಡ್ರೈವ್ ಒಂದನ್ನೇ ನಂಬಿ ಕೂರಬೇಡಿ. ಆಷಾಢದಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಹಿಡಿಯುತ್ತೆ, ನಮ್ಮ ಮದುವೆ ಸಿಡಿಯ ಮೇಲೂ ಹಾಗೇ ಹಿಡಿದು ಈಗ ಅದು ಓಡಲ್ಲ. ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ ಇಡಿ. ಆರು ತಿಂಗಳಿಗೊಮ್ಮೆ ಹೊರತೆಗೆದು ಓಡುತ್ತಾ ನೋಡಿ.

ಈಗ ಅಳಿಸೋ ವಿಷಯ. ಮೊದಲಿಗೆ ಮಗಳ ಫೋಟೋ ಮುಟ್ಟಬೇಡಿ, ಬೇಡದ್ದರಿಂದ ಶುರು ಮಾಡಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನೋಡಿ. 5 ಎಂಬಿಗಿಂತ ದೊಡ್ಡದು, ಹಲವು ಸಲ ಫಾರ್ವರ್ಡ್ ಆದದ್ದು ಅಂತ ಅದೇ ಬೇರೆ ಮಾಡಿ ತೋರಿಸುತ್ತೆ. ಶುಭೋದಯದ ಗುಲಾಬಿ ಹೂವು, ಯಾರೋ ಕಳಿಸಿದ ಜೋಗದ ವಿಡಿಯೋ ಒಂದೇ ಏಳು ಗ್ರೂಪಿನಲ್ಲಿ, ಎಲ್ಲ ಅಲ್ಲೇ ಇರುತ್ತೆ. ಫೋನಿನ ವಾಟ್ಸಾಪ್ ಫೋಲ್ಡರ್ ಒಳಗೆ ಸೆಂಟ್ (Sent) ಅಂತ ಇನ್ನೊಂದು ಫೋಲ್ಡರ್ ಇದೆ, ನೀವು ಕಳಿಸಿದ ಫೋಟೋಗಳ ಎರಡನೇ ಪ್ರತಿ ಅದರಲ್ಲಿ ಕೂತಿರುತ್ತೆ. ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿದರೆ ಮುಂದೆ ಬರುವ ಕಸ ಗ್ಯಾಲರಿಗೆ ಬಂದು ಸೇರಲ್ಲ, ಆದರೆ ಫೋನಿನ ಜಾಗವನ್ನಂತೂ ತಿನ್ನುತ್ತೆ, ಅದಕ್ಕೆ ಆಟೋ ಡೌನ್‌ಲೋಡನ್ನೂ ನಿಲ್ಲಿಸಿ. ಆಮೇಲೆ ನಿಮ್ಮದೇ ವಿಡಿಯೋಗಳು. 4ಕೆಯಲ್ಲಿ ತೆಗೆದಿದ್ದರೆ ಒಂದು ನಿಮಿಷವೇ ನೂರಾರು ಎಂಬಿ. ಸಕ್ರೆಬೈಲಿನಲ್ಲಿ ಆನೆ ಸ್ನಾನ ಮಾಡಿದ್ದು ಹತ್ತು ನಿಮಿಷ ಯಾರಿಗೆ ಬೇಕು ಹೇಳಿ!

ಡೂಪ್ಲಿಕೇಟ್ ಹುಡುಕಿ ಕೊಡುವ ಆಪ್‌ಗಳು ತಾವೇ ಟಿಕ್ ಹಾಕಿಕೊಂಡು ಬರುತ್ತವೆ, ಕಣ್ಣುಮುಚ್ಚಿ ಒಪ್ಪಬೇಡಿ. ಒಂದೇ ಥರ ಕಾಣುವ ಎರಡರಲ್ಲಿ ಒಂದು ಕ್ಯಾಮೆರಾದ ಅಸಲಿ, ಇನ್ನೊಂದು ವಾಟ್ಸಾಪ್ ಕುಗ್ಗಿಸಿದ ಪ್ರತಿ ಆಗಿರಬಹುದು. ತೆಗೆದ ದಿನಾಂಕ ಸರಿಯಾಗಿ ಇರೋದು ಅಸಲಿಯಲ್ಲೇ. ಗಾತ್ರ ನೋಡಿ ದೊಡ್ಡದನ್ನು ಇಟ್ಟುಕೊಳ್ಳಿ.

ಗೂಗಲ್ ಫೋಟೋಸ್‌ನಲ್ಲಿ ಜಾಸ್ತಿ ಜನ ಎಡವೋದು ಒಂದೇ ಕಡೆ. ಬ್ಯಾಕಪ್ ಆಗಿದೆಯಲ್ಲ ಅಂತ ಆ ಆಪ್‌ನಲ್ಲೇ ಫೋಟೋ ಅಳಿಸುತ್ತಾರೆ, ಆಗ ಫೋನಲ್ಲೂ ಹೋಗುತ್ತೆ, ಗೂಗಲ್‌ನಲ್ಲಿರುವ ಬ್ಯಾಕಪ್ಪೂ ಹೋಗುತ್ತೆ. ಫೋನಿನಿಂದ ಮಾತ್ರ ತೆಗೆಯೋಕೆ ಫ್ರೀ ಅಪ್ ಸ್ಪೇಸ್ ಅಂತ ಬೇರೆ ಬಟನ್ ಇದೆ, ಬ್ಯಾಕಪ್ ಆದದ್ದನ್ನಷ್ಟೇ ಅದು ತೆಗೆಯುತ್ತೆ. ಇನ್ನೊಂದು, 2021ರ ಜೂನ್ 1ಕ್ಕೆ ಮುಂಚೆ ಹೈ ಕ್ವಾಲಿಟಿ ಅನ್ನೋ ಸೆಟ್ಟಿಂಗ್‌ನಲ್ಲಿ, ಅಂದರೆ ಸ್ವಲ್ಪ ಕುಗ್ಗಿಸಿ, ಏರಿಸಿದ ಫೋಟೋಗಳು ಆ 15 ಜಿಬಿ ಲೆಕ್ಕಕ್ಕೇ ಬರಲ್ಲ. ಜಾಗ ಸಿಗುತ್ತೆ ಅಂತ ಸುಮ್ನೆ ಅವನ್ನು ಅಳಿಸಿದರೆ ಫೋಟೋನೂ ಹೋಯಿತು, ಜಾಗವೂ ಸಿಗಲಿಲ್ಲ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ ಅಲ್ವಾ, ಹಳೇ ಮೇಲ್‌ಗಳ ದೊಡ್ಡ ಅಟ್ಯಾಚ್‌ಮೆಂಟನ್ನೂ ಒಮ್ಮೆ ನೋಡಿ.

ಬ್ಯಾಕಪ್ ಆದ ಫೋಟೋ ಅಳಿಸಿದರೆ 60 ದಿನ ಟ್ರ್ಯಾಶ್‌ನಲ್ಲಿರುತ್ತೆ. ಅವತ್ತೇ ಖಾಲಿ ಮಾಡಬೇಡಿ, ಒಂದು ವಾರವಾದರೂ ಬಿಡಿ.

ಉಳಿದ ಫೋಟೋಗಳನ್ನು ಒಂದೇ ಪಟ್ಟಿಗೆ ಕೂತು ಆರಿಸೋಕೆ ಹೋದರೆ ಅರ್ಧ ಗಂಟೆಗೆ ಬೇಜಾರಾಗಿ ಬೇಕಾದ್ದನ್ನೂ ಒತ್ತಿಬಿಡುತ್ತೀರಿ. ನಾನು ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಸಲಕ್ಕೆ ಒಂದೇ ತಿಂಗಳದ್ದು ನೋಡುತ್ತೇನೆ. ಮಂಡಗದ್ದೆ ಬರೋ ಹೊತ್ತಿಗೆ ಸಾಮಾನ್ಯವಾಗಿ ಮುಗಿದಿರುತ್ತೆ. ಈಗ 2019ರ ಮೇ ತಿಂಗಳಲ್ಲಿದ್ದೇನೆ.