ಡಾರ್ವಿನ್ ಲೇಖನ ಓದಿದೆ, ಆ ಫಿಂಚ್ ಭಾಗ ಮತ್ತೆ ಬರೀರಿ

ನಮಸ್ಕಾರ. ಡಾರ್ವಿನ್ ಲೋಕ ಸುತ್ತಿದ ಬೀಗಲ್ ಹಡಗಿನ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ನೇರವಾಗೇ ಹೇಳ್ತೀನಿ, ಈಗಿರೋ ಹಾಗೆ ಹಾಕೋಕಾಗಲ್ಲ, ಆದ್ರೆ ಪಕ್ಕಕ್ಕಿಡೋ ಲೇಖನಾನೂ ಅಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

22 ವರ್ಷದ ಹುಡುಗ ಡಾರ್ವಿನ್ 1831ರ ಡಿಸೆಂಬರ್ 27ಕ್ಕೆ ಪ್ಲಿಮತ್‌ನಿಂದ ಹೊರಟಿದ್ದೇ ತಡ ಹೊಟ್ಟೆ ತೊಳಸೋಕೆ ಶುರುವಾಗಿ ಬಿಸ್ಕತ್ತು ಒಣದ್ರಾಕ್ಷಿ ಬಿಟ್ರೆ ಏನೂ ಒಳಗೆ ನಿಲ್ತಿರ್ಲಿಲ್ಲ, ಉದ್ದ ಆಳು, ತೂಗುಹಾಸಿಗೆ ಕಟ್ಟಿದ್ರೆ ಕಾಲಿಗೆ ಜಾಗ ಸಾಲದೆ ಒಂದು ಡ್ರಾಯರ್ ತೆಗೆದಿಡ್ಬೇಕಿತ್ತು ಅಂತ ಬರ್ದಿದೀರಲ್ಲ, ಅದನ್ನ ಓದ್ತಾ ನಾನೇ ಆ ಕ್ಯಾಬಿನ್ನಲ್ಲಿ ಮಲಗಿದ ಹಾಗಾಯ್ತು. ಲೇಖನ ಅಲ್ಲಿಂದ್ಲೇ ಶುರುವಾಗ್ಲಿ. ಅದಕ್ಕಿಂತ ಮುಂಚೆ ಇರೋ ಯುಗಪುರುಷ, ಮಹಾನ್ ಚೇತನ ಎಲ್ಲಾ ತೆಗೀರಿ.

ಈಗ ತಪ್ಪಿನ ವಿಷಯ. ಗ್ಯಾಲಪಗೋಸ್ ದ್ವೀಪಗಳಲ್ಲಿ ಫಿಂಚ್ ಹಕ್ಕಿಗಳ ಕೊಕ್ಕು ನೋಡ್ತಿದ್ದ ಹಾಗೇ ವಿಕಾಸವಾದ ತಟ್ಟಂತ ಹೊಳೀತು ಅಂದಿದೀರ. ಹಾಗಾಗ್ಲಿಲ್ಲ. ತುಂಬಾ ಕಡೆ ಹೀಗೇ ಬರ್ದಿರ್ತಾರೆ, ನೀವೂ ನಂಬಿದ್ರಿ ಅನ್ಸುತ್ತೆ. 1835ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅಲ್ಲಿದ್ದ ಐದು ವಾರದಲ್ಲಿ ಡಾರ್ವಿನ್ ಫಿಂಚ್‌ಗಳನ್ನ ಹೊಡೆದು ಚರ್ಮ ಸುಲಿದು ನಂಬರ್ ಹಾಕಿಟ್ಟ, ಆದ್ರೆ ಹೆಚ್ಚಿನವಕ್ಕೆ ಯಾವ ದ್ವೀಪದ್ದು ಅಂತ ಬರೀಲೇ ಇಲ್ಲ! ಒಂದನ್ನಂತೂ ರೆನ್ ಅನ್ನೋ ಬೇರೆ ಹಕ್ಕಿ ಅಂದ್ಕೊಂಡಿದ್ದ. ಆಮೆ ಕಥೆನೂ ಅಷ್ಟೇ, ಅಲ್ಲಿನ ಉಪ ಗವರ್ನರ್ ಲಾಸನ್ ಅನ್ನೋರು ಆಮೆ ನೋಡಿದ್ರೆ ಯಾವ ದ್ವೀಪದ್ದು ಅಂತ ಹೇಳ್ತೀನಿ ಅಂದ್ರೂ ಇವನು ಆಗ ತಲೆಗೆ ಹಾಕ್ಕೊಳ್ಳಲಿಲ್ಲ, ಹಡಗಿನವರೆಲ್ಲ ಆಮೆ ಮಾಂಸ ತಿಂದು ಚಿಪ್ಪು ಸಮುದ್ರಕ್ಕೆ ಎಸೆದ್ರು.

ಡಾರ್ವಿನ್ ಕಣ್ಣಿಗೆ ಬಿದ್ದಿದ್ದು ಮಾಕಿಂಗ್‌ಬರ್ಡ್ ಅನ್ನೋ ಹಕ್ಕಿ. ಅದು ಒಂದೊಂದು ದ್ವೀಪದಲ್ಲಿ ಒಂದೊಂದು ಥರ ಇದೆ ಅಂತ ಗಮನಿಸಿ ದ್ವೀಪದ ಹೆಸರೂ ಗುರುತು ಹಾಕ್ಕೊಂಡ. 1836ರಲ್ಲಿ ಊರಿಗೆ ವಾಪಸ್ ಬರ್ತಾ, ಇದು ಹೌದಾದ್ರೆ ಜೀವಜಾತಿಗಳು ಬದಲಾಗಲ್ಲ ಅನ್ನೋ ನಂಬಿಕೆನೇ ಅಲ್ಲಾಡುತ್ತೆ ಅನ್ನೋ ಅರ್ಥದ ಟಿಪ್ಪಣಿ ಬರೆದ. ನಿಮ್ಮ ಲೇಖನದಲ್ಲಿ ಈ ಹಕ್ಕಿ ಹೆಸರೇ ಇಲ್ಲ.

ಫಿಂಚ್ ಕಥೆ ನಡೆದಿದ್ದು ಲಂಡನ್ನಲ್ಲಿ. 1837ರ ಜನವರಿಯಲ್ಲಿ ಜಾನ್ ಗೌಲ್ಡ್ ಅನ್ನೋ ಪಕ್ಷಿತಜ್ಞ ಆ ಚರ್ಮಗಳನ್ನ ನೋಡಿ ಇವೆಲ್ಲ ಫಿಂಚ್‌ಗಳೇ, ಒಂದಕ್ಕೊಂದು ಹತ್ತಿರದ ನೆಂಟರು, ಹಿಂದೆ ಯಾರೂ ವಿವರಿಸಿರದ ಜಾತಿಗಳು ಅಂದ್ರು. ಆಗ ಡಾರ್ವಿನ್‌ಗೆ ದ್ವೀಪದ ಹೆಸರು ಬೇಕಾಯ್ತು, ತನ್ನ ಹತ್ರ ಇಲ್ಲ, ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತೆ ತನ್ನ ಸಹಾಯಕ ಕವಿಂಗ್‌ಟನ್ ಸಂಗ್ರಹಿಸಿದ್ದ ಹಕ್ಕಿಗಳನ್ನ ಹುಡ್ಕೊಂಡು ಹೋಗ್ಬೇಕಾಯ್ತು, ಯಾಕಂದ್ರೆ ಅವರು ದ್ವೀಪ ಬರ್ದಿಟ್ಟಿದ್ರು. ಅದೇ ವರ್ಷ ಜುಲೈನಲ್ಲಿ ಜೀವಜಾತಿ ಬದಲಾಗೋದರ ಬಗ್ಗೇನೇ ಒಂದು ನೋಟ್‌ಬುಕ್ ತೆರೆದ. ತಾನು ಬರೀದೇ ಬಿಟ್ಟಿದ್ದನ್ನ ಬೇರೆಯವರ ಚೀಟೀಲಿ ಹುಡುಕ್ತಾ ಕೂತ ಆ ಮನುಷ್ಯನನ್ನ ನನಗೆ ತೋರಿಸಿ, ನಿಮ್ಮ ಕೈಲಿ ಆಗುತ್ತೆ, ಡ್ರಾಯರ್ ವಿಷಯ ಬರೆದವರು ನೀವೇ ಅಲ್ವಾ.

ಇನ್ನೊಂದು, ದ್ವೀಪದಿಂದ ಸೀದಾ 1859ರ ‘ಜೀವಜಾತಿಗಳ ಉಗಮ’ ಪುಸ್ತಕಕ್ಕೆ ಹಾರಿದೀರ. ನಡುವೆ 1838ರಲ್ಲಿ ಜನಸಂಖ್ಯೆ ಬಗ್ಗೆ ಮಾಲ್ಥಸ್ ಅನ್ನೋರು ಬರೆದ ಪುಸ್ತಕ ಓದಿದ್ದು, 1858ರಲ್ಲಿ ತಾನಾಗೇ ಅದೇ ವಿಚಾರಕ್ಕೆ ಬಂದಿದ್ದ ವಾಲೇಸ್ ಅನ್ನೋ ಪ್ರಕೃತಿ ವಿಜ್ಞಾನಿಯ ಕಾಗದ ಬಂದಿದ್ದು ಎರಡೂ ಬೇಕೇ ಬೇಕು, ನಾಲ್ಕು ಸಾಲಾದ್ರೂ ಸಾಕು.

ಪೂರ್ತಿ ಲೇಖನ ಈಗಲೇ ತಿದ್ದೋಕೆ ಹೋಗ್ಬೇಡಿ. ಗೌಲ್ಡ್ ಮುಂದೆ ಹಕ್ಕಿಗಳನ್ನ ಇಟ್ಟ ಭಾಗ ಒಂದನ್ನೇ ಮೊದಲು ಬರೆದು ಕಳಿಸಿ, ಅದನ್ನ ನೋಡ್ಕೊಂಡು ಮುಂದಿನದು ಮಾತಾಡೋಣ.