ಮಲೆನಾಡಿಗೂ ಡೆಂಗ್ಯೂ ಹತ್ತಿದ್ದು ಹೇಗೆ?

ಪ್ರಶ್ನೆ: ಸಾರ್, ನಮ್ದು ಮೂಡಿಗೆರೆ ಕಡೆ ಕಾಫಿ, ಅಡಿಕೆ ತೋಟ. ಅಜ್ಜನ ಕಾಲದಲ್ಲಿ ಡೆಂಗ್ಯೂ ಹೆಸರೇ ಕೇಳಿರ್ಲಿಲ್ಲ, ಈಗ ಮಳೆಗಾಲ ಬಂದ್ರೆ ಕೂಲಿಯೋರ ಲೈನ್ ಮನೇಲೂ ಜ್ವರ, ನಮ್ಮನೇಲೂ ಜ್ವರ. ಸೆಕೆ ಜಾಸ್ತಿ ಆಗಿದ್ದಕ್ಕೇ ಸೊಳ್ಳೆ ಘಟ್ಟ ಹತ್ತಿದ್ದು ಅಂತಾರೆ, ಹೌದಾ?

ಉತ್ತರ: ಅರ್ಧ ಹೌದು. ನೇಪಾಳ ನೋಡಿ, ಅಲ್ಲಿ ಡೆಂಗ್ಯೂ ಮೊದಲು ಪತ್ತೆ ಆಗಿದ್ದೇ 2004ರಲ್ಲಿ, 2006ರಲ್ಲಿ ನಮ್ಮ ಗಡಿಗೆ ಅಂಟಿಕೊಂಡಿರೋ ತರಾಯಿ ಬಯಲಲ್ಲಿ ಹರಡ್ತು, 2022ಕ್ಕೆ ದೇಶದಲ್ಲಿ 54 ಸಾವಿರ ಕೇಸ್, ಅದ್ರಲ್ಲಿ ಸುಮಾರು 1,400 ಮೀಟರ್ ಎತ್ತರದ ಕಠ್ಮಂಡು ಕಣಿವೇದೇ ದೊಡ್ಡ ಪಾಲು. ಸೆಕೆ ಮಾಡೋ ಕೆಲಸ ಏನಪ್ಪಾ ಅಂದ್ರೆ, ಜ್ವರದೋರ ರಕ್ತ ಹೀರಿದ ಸೊಳ್ಳೆ ತಕ್ಷಣ ಇನ್ನೊಬ್ರಿಗೆ ರೋಗ ಹಚ್ಚಲ್ಲ, ವೈರಸ್ ಅದರ ಹೊಟ್ಟೇಲಿ ಬೆಳೆದು ಎಂಜಲಿಗೆ ಬರ್ಬೇಕು, 25 ಡಿಗ್ರೀಲಿ ಅದಕ್ಕೆ ಎರಡು ವಾರದಷ್ಟು ಬೇಕು, 30 ಆದ್ರೆ ಒಂದು ವಾರದ ಆಸುಪಾಸು ಸಾಕು. ಸೊಳ್ಳೆ ಆಯಸ್ಸೇ ಕೆಲವು ವಾರ, ಹಾಗಾಗಿ ತಂಪು ಊರಲ್ಲಿ ವೈರಸ್ ರೆಡಿ ಆಗೋಷ್ಟರಲ್ಲಿ ಎಷ್ಟೋ ಸೊಳ್ಳೆ ಸತ್ತೇ ಹೋಗಿರುತ್ತೆ.

ಆದ್ರೆ ಎಲ್ಲಾನೂ ಬಿಸಿಲಿನ ತಲೆಗೆ ಕಟ್ಟಿ ಕೈ ತೊಳ್ಕೊಳೋದು ನನಗೆ ಒಪ್ಪಿಗೆ ಇಲ್ಲ. ಡೆಂಗ್ಯೂ ಹಚ್ಚೋ ಏಡಿಸ್ ಸೊಳ್ಳೆ ಒಂದೆರಡು ನೂರು ಮೀಟರ್ ಹಾರಿದ್ರೆ ಹೆಚ್ಚು, ಅದು ಘಟ್ಟ ಹತ್ತೋದು ಲಾರೀಲಿ ಬರೋ ಹಳೇ ಟೈರಲ್ಲಿ ಮೊಟ್ಟೆಯಾಗಿ, ನೀರಿಲ್ದೆ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತೆ. ವೈರಸ್ ಬರೋದು ಬೆಂಗಳೂರಿಂದ ಹಬ್ಬಕ್ಕೆ ಬರೋ ಮಕ್ಕಳ ಮೈಯಲ್ಲಿ, ಬಸ್ಸಲ್ಲಿ. ತೋಟದಲ್ಲಂತೂ ಏಷ್ಯನ್ ಟೈಗರ್ ಅನ್ನೋ, ಡೆಂಗ್ಯೂ ಹಚ್ಚೋ ಇನ್ನೊಂದು ಜಾತಿ ಸೊಳ್ಳೆಗೆ ಬೇಕಾದಷ್ಟು ಜಾಗ. ಮಳೆ ಬಿಟ್ಟ ಮೇಲೆ ಬಿದ್ದ ಅಡಿಕೆ ಹಾಳೆ ಬಗ್ಗಿ ನೋಡಿ, ಬೊಗಸೆ ನೀರಲ್ಲಿ ಲಾರ್ವಾಗಳು, ಅಂದ್ರೆ ಸೊಳ್ಳೆ ಮರಿಗಳು, ತಲೆಕೆಳಗಾಗಿ ನೇತಾಡ್ತಿರ್ತವೆ, ನಿಮ್ಮ ನೆರಳು ಬಿದ್ರೆ ಸಾಕು ಕೊಂಕ್ಕೊಂಡು ತಳಕ್ಕೆ ಇಳೀತವೆ.

ಪ್ರಶ್ನೆ: ದಿನಾ ರಾತ್ರಿ ಪರದೆ ಕಟ್ಕೊಂಡೇ ಮಲಗ್ತೀವಿ, ಮತ್ಯಾಕೆ ಬಂತು?

ಉತ್ತರ: ಇದು ಹಗಲು ಕಚ್ಚೋ ಸೊಳ್ಳೆ ಕಣ್ರೀ, ಬೆಳಗ್ಗೆ ಮತ್ತೆ ಸಂಜೆ ಕತ್ತಲಾಗೋ ಮುಂಚೆ ಅದರ ಹಾವಳಿ ಜಾಸ್ತಿ. ಹಗಲು ಮಲಗೋ ಮಗೂಗೆ, ಜ್ವರ ಬಂದೋರಿಗೆ ಹಗಲೂ ಪರದೆ ಕಟ್ಟಿ, ಯಾಕಂದ್ರೆ ಅವರನ್ನ ಕಚ್ಚಿದ ಸೊಳ್ಳೇನೇ ಮನೆಮಂದಿಗೆಲ್ಲ ಹಂಚೋದು. 2024ರಲ್ಲಿ ಸರ್ಕಾರ ಲಾರ್ವಾ ಸಿಕ್ಕಿದ ಮನೆಗೆ ಹಳ್ಳೀಲಿ 200, ಪೇಟೇಲಿ 400 ರೂಪಾಯಿ ದಂಡ ಅಂತು, ದಂಡ ಅತ್ಲಾಗಿರ್ಲಿ, ಡ್ರಮ್ ವಾರಕ್ಕೊಂದ್ಸಲ ಖಾಲಿ ಮಾಡಿ ಒಳಗಡೆ ಬ್ರಶ್ ಹಾಕಿ ತಿಕ್ಕಿ, ಬರೀ ನೀರು ಚೆಲ್ಲಿದ್ರೆ ಆಗಲ್ಲ, ಮೊಟ್ಟೆ ಅಂಟ್ಕೊಂಡಿರೋದು ಗೋಡೆಗೆ.